ಎದೆಬಡಿತ ಓದುವ ಬಟ್ಟೆ ಪಟ್ಟಿ: ಮನೆಯಲ್ಲೇ ಹೊಲಿದುಕೊಳ್ಳುವ ಬಗೆ

ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿಕೊಂಡವರಿಗೆ ಎದೆಗೆ ಹಚ್ಚುವ ಆ ತಣ್ಣನೆ ಜೆಲ್ ನೆನಪಿರುತ್ತದೆ. ಐದು ನಿಮಿಷಕ್ಕೆ ಅದು ಸರಿ. ದಿನವಿಡೀ ಅಂಟಿಸಿಕೊಂಡಿದ್ದರೆ ಜೆಲ್ ಒಣಗುತ್ತದೆ, ಚರ್ಮ ಕೆರೆಯುತ್ತದೆ, ಕೀಳುವಾಗ ಕೂದಲೂ ಕಿತ್ತು ಬರುತ್ತದೆ. ಅದರ ಬದಲು ಬೆಳ್ಳಿ ಲೇಪದ ಬಟ್ಟೆಯನ್ನೇ ಮೈಗೆ ತಾಗಿಸಿ ಎದೆಬಡಿತ ಓದಬಹುದು. ಓಟಗಾರರು ಎದೆಗೆ ಕಟ್ಟಿಕೊಳ್ಳುವ ಪಟ್ಟಿ ಕೆಲಸ ಮಾಡುವುದೂ ಹೀಗೇ. ಅಂಥದ್ದೊಂದನ್ನು ನಾವೇ ಹೇಗೆ ಮಾಡಿಕೊಳ್ಳುವುದು ಅಂತ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಾನು ಸರ್ಕ್ಯೂಟ್ ಕಡೆಯವನು. ಮೊದಲ ಪಟ್ಟಿ ಮಾಡುವಾಗ ಎರಡು ವಾರ ಸರ್ಕ್ಯೂಟ್ ಹಿಂದೆ ಬಿದ್ದೆ, ಹೊಲಿಗೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆ. ಪರದೆ ಮೇಲೆ ಬಂದದ್ದು ಬರೀ ಗೀಚು. ನಮ್ಮ ಬೀದಿಯ ಟೈಲರ್ ಅಣ್ಣ ಪಟ್ಟಿಯನ್ನು ಎಳೆದು ನೋಡಿ, "ಇದು ಮೈ ಮೇಲೆ ನಿಲ್ಲೋದೇ ಇಲ್ವಲ್ಲಾ ಸಾರ್, ಜಾರುತ್ತೆ" ಅಂದರು. ಬಿಚ್ಚಿ, ಹಿಡಿಸಿ, ಮತ್ತೆ ಹೊಲಿದು ಕೊಟ್ಟರು. ಅದೇ ಸರ್ಕ್ಯೂಟ್, ಅದೇ ಪ್ರೋಗ್ರಾಮ್. ಗೆರೆ ಮಾತ್ರ ಸ್ವಚ್ಛವಾಗಿ ಬಂತು. ಹಾಗಾಗಿ ಇದು ಮುಕ್ಕಾಲು ಪಾಲು ದರ್ಜಿ ಕೆಲಸ ಅಂದುಕೊಂಡೇ ಶುರು ಮಾಡಿ.

ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಹೃದಯ ಪ್ರತಿ ಸಲ ಬಡಿಯುವ ಮುಂಚೆ ಅದರೊಳಗೆ ಸಣ್ಣ ವಿದ್ಯುತ್ ಅಲೆಯೊಂದು ಹರಿಯುತ್ತದೆ. ಎದೆಯ ಚರ್ಮದ ಮೇಲೆ ಅದು ಸುಮಾರು 1 ಮಿಲಿವೋಲ್ಟ್ ಆಗಿ ಸಿಗುತ್ತದೆ. ಟಾರ್ಚಿನ ಒಂದು ಸೆಲ್‌ನ 1,500ರಲ್ಲಿ ಒಂದು ಪಾಲು. ನಮ್ಮ ಪಟ್ಟಿ ಹಿಡಿಯುವುದು ಅದನ್ನೇ. ಮೊದಲು ಸಣ್ಣ ಉಬ್ಬು, ಅದು ಪಿ ಅಲೆ. ಆಮೇಲೆ ಚೂಪಾದ ಗೋಪುರ, ಕ್ಯೂಆರ್‌ಎಸ್. ಕೊನೆಗೆ ಅಗಲವಾದ ದಿಬ್ಬ, ಟಿ ಅಲೆ.

ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕೋನಗಳಿಂದ ನೋಡುತ್ತದೆ. ನಮ್ಮದು ಒಂದೇ ಕೋನ. ಬಡಿತ ಎಷ್ಟು, ಲಯ ಸಮವಾಗಿದೆಯಾ ಅಂತ ನೋಡಲು ಇಷ್ಟು ಸಾಕು. ಹೃದಯಾಘಾತ ಆಗಿದೆಯಾ ಅಂತ ಹೇಳಲು ಸಾಕಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಆಘಾತದ ಗುರುತು ಹುಡುಕುವಾಗ ವೈದ್ಯರು ಗೋಪುರಕ್ಕೂ ಟಿ ಅಲೆಗೂ ನಡುವಿನ ಎಸ್‌ಟಿ ಭಾಗ ಮೇಲೆದ್ದಿದೆಯಾ, ಕುಸಿದಿದೆಯಾ ಅಂತ ನೋಡುತ್ತಾರೆ. ಅದಕ್ಕೆ 0.05 ಹರ್ಟ್ಸ್‌ನಷ್ಟು (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ) ನಿಧಾನದ ಏರಿಳಿತವನ್ನೂ ಯಂತ್ರ ಉಳಿಸಿಕೊಳ್ಳಬೇಕು. ನಾವು ಬಳಸುವ ಅಗ್ಗದ ಮಾಡ್ಯೂಲ್, ಅಂದರೆ ಅಂಗಡಿಯಲ್ಲಿ ಸಿಗುವ ತಯಾರು ಸರ್ಕ್ಯೂಟ್ ಹಲಗೆ, 0.5 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ಬಿಸಾಕುತ್ತದೆ. ಹಾಗಾಗಿ ಎಸ್‌ಟಿ ಭಾಗ ಇದರಲ್ಲಿ ಸೊಟ್ಟಗಾಗಿ ಬರುತ್ತದೆ. ಸರಿ ಇದ್ದವರಿಗೆ ಸುಮ್ನೆ ಹೆದರಿಕೆ, ಸರಿ ಇಲ್ಲದವರಿಗೆ ಸುಳ್ಳು ಸಮಾಧಾನ. ಆ ಭಾಗವನ್ನು ಓದಲೇಬೇಡಿ.

ಎದೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟಿದ ಹಾಗೆ ಆಗುವುದು, ತಲೆ ತಿರುಗಿ ಬೀಳುವುದು: ಇಂಥದ್ದೇನಾದರೂ ಆದರೆ ಪಟ್ಟಿ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಪೇಸ್‌ಮೇಕರ್ ಇರುವವರಿಗೆ ಮನೆಯಲ್ಲಿ ಮಾಡಿದ್ದನ್ನು ಹಾಕಲೇಬೇಡಿ.

ಬಟ್ಟೆಗೆ ಬೆಳ್ಳಿ ಯಾಕೆ

1900ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಲೆಮ್ ಐಂಥೋವನ್ ಇಸಿಜಿ ಯಂತ್ರ ಕಟ್ಟಿದಾಗ ಅದು ಸುಮಾರು 270 ಕೆಜಿ ತೂಗುತ್ತಿತ್ತು. ಅವರ ಬಳಿ ಅಂಟಿಸುವ ಎಲೆಕ್ಟ್ರೋಡ್ (ಮೈಗೆ ತಾಗಿ ವಿದ್ಯುತ್ ಹಿಡಿಯುವ ತುಂಡು) ಇರಲಿಲ್ಲ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪು ನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಆ ಉಪ್ಪು ನೀರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚರ್ಮದ ಹೊರ ಪದರ ಒಣ, ಸತ್ತ ಜೀವಕೋಶಗಳದ್ದು. ವಿದ್ಯುತ್ತನ್ನು ಸುಲಭಕ್ಕೆ ಬಿಡುವುದಿಲ್ಲ. ಜೆಲ್ ಅಥವಾ ಉಪ್ಪು ನೀರು ಅದನ್ನು ನೆನೆಸಿ ದಾರಿ ಮಾಡುತ್ತದೆ. ಬಟ್ಟೆ ಎಲೆಕ್ಟ್ರೋಡ್‌ನಲ್ಲಿ ಆ ಕೆಲಸ ನಮ್ಮ ಬೆವರಿನದ್ದು. ಬೆವರಿಗೆ ಬೇಗ ಕೆಡದ, ಚರ್ಮಕ್ಕೆ ತೊಂದರೆ ಕೊಡದ, ಚೆನ್ನಾಗಿ ವಿದ್ಯುತ್ ಹರಿಸುವ ಲೋಹ ಬೇಕು. ಬೆಳ್ಳಿ ಅದಕ್ಕೆ ಹೊಂದುತ್ತದೆ. ನೈಲಾನ್ ನೂಲಿಗೆ ಬೆಳ್ಳಿ ಲೇಪಿಸಿ ನೇಯ್ದ ಬಟ್ಟೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಜರ್ಮನಿಯ ಶೀಲ್ಡೆಕ್ಸ್ ಇದರಲ್ಲಿ ಹಳೆಯ ಹೆಸರು.

ನಿಮಗೂ ಈಗ ಜರಿ ನೆನಪಾಯಿತು ಅಲ್ವಾ? ನನಗೂ ಆಯಿತು. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟದ್ದು. ಅದರಲ್ಲಿ ವಿದ್ಯುತ್ ಚೆನ್ನಾಗಿಯೇ ಹರಿಯುತ್ತದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನ ಮ್ಯಾಗಿ ಆರ್ತ್, ರೆಹ್ಮಿ ಪೋಸ್ಟ್ ಮುಂತಾದವರು ಬಟ್ಟೆಯಲ್ಲಿ ಸರ್ಕ್ಯೂಟ್ ಮಾಡಲು ಹೊರಟಾಗ ಎತ್ತಿಕೊಂಡದ್ದು ಭಾರತದಲ್ಲಿ ನೇಯುವ ಇಂಥದ್ದೇ ಲೋಹದ ಎಳೆಯ ರೇಷ್ಮೆ ಆರ್ಗಾಂಜಾ ಅನ್ನುವ ತೆಳು ಬಟ್ಟೆಯನ್ನು. ಆದರೆ ಎಲೆಕ್ಟ್ರೋಡ್‌ಗೆ ಜರಿ ಬೇಡ. ಅದು ಹಿಗ್ಗುವುದಿಲ್ಲ, ಚರ್ಮಕ್ಕೆ ಚುಚ್ಚುತ್ತದೆ. ಇವತ್ತು ಸಿಗುವ ಬಹುಪಾಲು ಜರಿ ಪ್ಲಾಸ್ಟಿಕ್ ಎಳೆ, ಇಲ್ಲವೇ ತಾಮ್ರ. ಅಮ್ಮನ ಮದುವೆ ಸೀರೆಯ ಅಂಚಿಗೆ ಮಲ್ಟಿಮೀಟರ್ ಇಟ್ಟು ನೋಡಿ, ತಮಾಷೆಯಾಗಿರುತ್ತದೆ. ಕತ್ತರಿ ಮಾತ್ರ ಇಡಬೇಡಿ.

ಬೇಕಾದ ಸಾಮಾನು

ಹೊಲಿಗೆಗೆ: 4 ಸೆಂಟಿಮೀಟರ್ ಅಗಲದ ಗಟ್ಟಿ ಎಲಾಸ್ಟಿಕ್ ಒಂದು ಮೀಟರ್, ಎರಡು ಅಂಗೈ ಅಗಲದ ಬೆಳ್ಳಿ ಲೇಪದ ಬಟ್ಟೆ, ಬ್ಲೌಸಿಗೆ ಹಾಕುವ ಒಂದು ಜೊತೆ ಸ್ಪಾಂಜ್ ಕಪ್, ವೆಲ್ಕ್ರೋ, ಮೂರು ಪ್ರೆಸ್ ಬಟನ್, ಮಾಮೂಲಿ ಪಾಲಿಯೆಸ್ಟರ್ ದಾರ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಬೆಳ್ಳಿ ಬಟ್ಟೆ ಒಂದನ್ನು ಬಿಟ್ಟು ಎಲ್ಲವೂ ಸಿಗುತ್ತದೆ.

ಸರ್ಕ್ಯೂಟಿಗೆ: ಎಡಿ8232 ಚಿಪ್ ಇರುವ ಇಸಿಜಿ ಮಾಡ್ಯೂಲ್ ಮತ್ತು ಅದರ ಮೂರು ಕಾಲಿನ ಕೇಬಲ್, ಒಂದು ಇಎಸ್‌ಪಿ32 ಬೋರ್ಡ್ (ನಮ್ಮ ಪ್ರೋಗ್ರಾಮ್ ಓಡಿಸುವ, ವೈಫೈ, ಬ್ಲೂಟೂತ್ ಇರುವ ಪುಟ್ಟ ಕಂಪ್ಯೂಟರ್), ಚಿಕ್ಕ ಲಿಥಿಯಂ ಬ್ಯಾಟರಿ, ಮಲ್ಟಿಮೀಟರ್. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಆಯಿತು. ಪ್ರೆಸ್ ಬಟನ್ ಕೊಳ್ಳಲು ಹೋಗುವಾಗ ಆ ಕೇಬಲ್ ಜೇಬಿನಲ್ಲಿರಲಿ. ಕೇಬಲ್ ತುದಿಯಲ್ಲಿರುವುದು ಗುಂಡಿ ಕೂರುವ ಗುಳಿ. ಸುಮಾರು 4 ಮಿಲಿಮೀಟರ್ ಮೊಳೆ ಅದರೊಳಗೆ ಟಿಕ್ ಅಂತ ಕೂರಬೇಕು. ಅಂಗಡಿಯಲ್ಲೇ ಕೂರಿಸಿ ನೋಡಿ ತನ್ನಿ.

ಮೊದಲ ಹೆಜ್ಜೆ: ಅಳತೆ

ಟೇಪನ್ನು ಎದೆಯ ಕೆಳಗೆ, ಎದೆಮೂಳೆ ಮುಗಿಯುವ ಜಾಗದಲ್ಲಿ ಸುತ್ತಿ. ಉಸಿರು ಬಿಟ್ಟು ಅಳತೆ ತೆಗೆಯಿರಿ. ಹೆಂಗಸರಿಗೆ ಇದು ಬ್ರಾ ಪಟ್ಟಿ ಕೂರುವ ಜಾಗ. ಅವರು ಬೇರೆ ಪಟ್ಟಿ ಮಾಡುವ ಬದಲು ಬಿಗಿಯಾದ ಸ್ಪೋರ್ಟ್ಸ್ ಬ್ರಾದ ಪಟ್ಟಿಗೇ ಎಲೆಕ್ಟ್ರೋಡ್ ಹೊಲಿದರೆ ಇನ್ನೂ ವಾಸಿ.

ಬಂದ ಅಳತೆಯಲ್ಲಿ ನೂರಕ್ಕೆ 10ರಿಂದ 15 ಕಮ್ಮಿ ಮಾಡಿ. 90 ಸೆಂಟಿಮೀಟರ್ ಸುತ್ತಳತೆ ಇದ್ದರೆ ವೆಲ್ಕ್ರೋ ಅಂಟಿಸಿದ ಮೇಲೆ ಪಟ್ಟಿ 77ರಿಂದ 81 ಇರಬೇಕು. ಆಳವಾಗಿ ಉಸಿರು ಎಳೆಯಲು ತೊಂದರೆ ಆಗಬಾರದು. ಕೈ ಮೇಲೆತ್ತಿ ಇಳಿಸಿದರೆ ಪಟ್ಟಿ ಇದ್ದಲ್ಲೇ ಇರಬೇಕು. ಇವೆರಡರ ನಡುವಿನ ಬಿಗಿ ಸಿಗಲು ನನಗೆ ಮೂರು ಸಲ ಹೊಲಿಗೆ ಬಿಚ್ಚಬೇಕಾಯಿತು.

ಪಟ್ಟಿ ಕಟ್ಟಿಕೊಂಡೇ ಮೂರು ಜಾಗಕ್ಕೆ ಟೈಲರ್ ಚಾಕಿನಲ್ಲಿ ಗುರುತು ಹಾಕಿ. ಎಡ ಮೊಲೆತೊಟ್ಟಿನ ನೇರಕ್ಕೆ ಕೆಳಗೆ ಒಂದು, ಬಲಗಡೆ ಅದೇ ಜಾಗದಲ್ಲಿ ಒಂದು. ಮೂರನೆಯದು ಬಲ ಪಕ್ಕೆಯಲ್ಲಿ, ಕಂಕುಳಿನ ನೇರಕ್ಕೆ. ಮೊದಲೆರಡು ಅಳೆಯುತ್ತವೆ. ಮೂರನೆಯದು ಗದ್ದಲ, ಅಂದರೆ ಗೆರೆ ಕೆಡಿಸುವ ಬೇಡದ ವಿದ್ಯುತ್ತನ್ನು ತಗ್ಗಿಸಲು.

ಎರಡನೇ ಹೆಜ್ಜೆ: ಎಲೆಕ್ಟ್ರೋಡ್ ಕತ್ತರಿಸಿ ಹೊಲಿಯುವುದು

ಇಲ್ಲಿ ಅವಸರ ಬೇಡ. ಕೆಲಸ ನಿಲ್ಲುವುದೂ ಕೆಡುವುದೂ ಇಲ್ಲೇ.

ಬೆಳ್ಳಿ ಬಟ್ಟೆಯಲ್ಲಿ 6 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಎತ್ತರದ ಮೂರು ತುಂಡು ಬೇಕು. ಆದರೆ ಬರೀ ಚೌಕ ಕತ್ತರಿಸಬೇಡಿ. ಪ್ರತಿ ತುಂಡಿನ ಮೇಲಂಚಿನಲ್ಲಿ 2 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಉದ್ದದ ಒಂದು ನಾಲಿಗೆ ಬಿಟ್ಟು ಕತ್ತರಿಸಿ. ಈ ನಾಲಿಗೆ ಪಟ್ಟಿಯ ಮೇಲಂಚನ್ನು ದಾಟಿ ಹೊರಮೈಗೆ ಮಡಚಿಕೊಳ್ಳುತ್ತದೆ. ಪ್ರೆಸ್ ಬಟನ್ ಕೂರುವುದು ಅದರ ಮೇಲೆ. ಹೀಗೆ ಮಾಡಿದರೆ ಬಟನ್ನಿನ ಲೋಹ ಚರ್ಮಕ್ಕೆ ತಾಗುವುದೇ ಇಲ್ಲ. ಬಟನ್ನನ್ನು ನೇರ ಪಟ್ಟಿಗೆ ತೂರಿಸಿದರೆ ಅದರ ಹಿಂಬದಿ ಮೈಗೆ ಒತ್ತುತ್ತದೆ, ಬೆವರಿಗೆ ತುಕ್ಕು ಹಿಡಿಯುತ್ತದೆ. ಜೊತೆಗೆ ಬೆಳ್ಳಿ ಒಂದು ಕಡೆ, ಬೇರೆ ಲೋಹ ಇನ್ನೊಂದು ಕಡೆ ಚರ್ಮ ಮುಟ್ಟಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಹುಟ್ಟುತ್ತದೆ. ಗೆರೆ ಮೇಲೆ ಕೆಳಗೆ ತೇಲಾಡುತ್ತದೆ.

ಬಟನ್ನನ್ನು ನಾಲಿಗೆಗೆ ಮೊದಲೇ ಒತ್ತಿಸಿ. ಬಟ್ಟೆ ತೆಳು, ಹರಿಯಬಹುದು. ಹಿಂದೆ ಒಂದು ತುಂಡು ಕ್ಯಾನ್ವಾಸ್ ಇಡಿ.

ಆಮೇಲೆ ಸ್ಪಾಂಜ್. ಕಪ್ಪಿನಿಂದ 5 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಎತ್ತರದ ತುಂಡುಗಳನ್ನು ಕತ್ತರಿಸಿ, ಗುರುತಿನ ಮೇಲಿಟ್ಟು, ಅದರ ಮೇಲೆ ಬೆಳ್ಳಿ ಬಟ್ಟೆ ಹೊದಿಸಿ. ಎದೆ ಸಪಾಟಾಗಿಲ್ಲ, ಪಕ್ಕೆಲುಬಿನ ನಡುವೆ ತಗ್ಗಿದೆ. ಸ್ಪಾಂಜ್ ಆ ತಗ್ಗು ತುಂಬುತ್ತದೆ. ಉಸಿರಾಡಿದಾಗ ಎದೆ ಹಿಗ್ಗಿ ಕುಗ್ಗಿದರೂ ಬಟ್ಟೆ ಚರ್ಮ ಬಿಡುವುದಿಲ್ಲ. ಸ್ಪಾಂಜ್ ಇಲ್ಲದ ಮೊದಲ ಪಟ್ಟಿಯಲ್ಲಿ ಪ್ರತಿ ಉಸಿರಿಗೂ ನನ್ನ ಗೆರೆ ಜೋಕಾಲಿ ಆಡುತ್ತಿತ್ತು.

ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿ. ನೇರ ಹೊಲಿಗೆ ಹಾಕಿದರೆ ಎಲಾಸ್ಟಿಕ್ ಎಳೆದಾಗ ದಾರ ಪಟಕ್ಕನೆ ತುಂಡಾಗುತ್ತದೆ. ಮೆಷಿನ್‌ಗೆ ಹಾಕುವಾಗ ಎಲಾಸ್ಟಿಕ್ಕನ್ನು ಸ್ವಲ್ಪ ಎಳೆದು ಹಿಡಿದಿರಿ. ಬೆಳ್ಳಿ ಎಳೆಗಳು ಅಂಚಿನಲ್ಲಿ ಬಿಚ್ಚಿಕೊಂಡು ಪಕ್ಕದ ಎಲೆಕ್ಟ್ರೋಡ್ ಕಡೆ ಹರಡದಂತೆ ನೋಡಿಕೊಳ್ಳಿ. ಒಂದು ಎಳೆ ಸಾಕು ಶಾರ್ಟ್ ಆಗಲು.

ಮೂರನೇ ಹೆಜ್ಜೆ: ಮೀಟರ್ ಪರೀಕ್ಷೆ

ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ವಿದ್ಯುತ್ತಿಗಿರುವ ತಡೆ ಅಳೆಯುವ ಕಡೆಗೆ ತಿರುಗಿಸಿ. ಒಂದು ಕಡ್ಡಿ ಬೆಳ್ಳಿ ಬಟ್ಟೆಯ ದೂರದ ಮೂಲೆಗೆ, ಇನ್ನೊಂದು ಬಟನ್ನಿಗೆ. ಕೆಲವೇ ಓಮ್ ತೋರಿಸಬೇಕು. ಪಟ್ಟಿಯನ್ನು ಎಳೆದು ಬಿಟ್ಟು ನೋಡಿ. ಅಂಕಿ ಕುಣಿದರೆ ಬಟನ್ ಸಡಿಲವಿದೆ. ಎರಡು ಎಲೆಕ್ಟ್ರೋಡ್ ನಡುವೆ ಏನೂ ತೋರಿಸಬಾರದು.

ನಾಲ್ಕನೇ ಹೆಜ್ಜೆ: ಸರ್ಕ್ಯೂಟ್

ಎಡಿ8232 ಅನಲಾಗ್ ಡಿವೈಸಸ್ ಕಂಪನಿಯ ಚಿಪ್. ಆ 1 ಮಿಲಿವೋಲ್ಟನ್ನು ಬಹಳ ಪಟ್ಟು ದೊಡ್ಡದು ಮಾಡಿ, ಗದ್ದಲ ಸೋಸಿ ಕೊಡುತ್ತದೆ. ಇದಕ್ಕೆ 3.3 ವೋಲ್ಟ್ ಕೊಡಬೇಕು. ಅಪ್ಪಿತಪ್ಪಿಯೂ 5 ವೋಲ್ಟ್ ಕೊಡಬೇಡಿ.

ಜೋಡಣೆ ಸುಲಭ. ಮಾಡ್ಯೂಲಿನ 3.3 ವೋಲ್ಟ್ ಮತ್ತು ಗ್ರೌಂಡ್ ಪಿನ್ ಇಎಸ್‌ಪಿ32ರ ಅದೇ ಹೆಸರಿನ ಪಿನ್‌ಗಳಿಗೆ. ಔಟ್‌ಪುಟ್ 34ನೇ ಪಿನ್‌ಗೆ. ಎಲೆಕ್ಟ್ರೋಡ್ ಕಳಚಿದೆ ಅಂತ ಹೇಳುವ ಎರಡು ಪಿನ್‌ಗಳನ್ನು ಬೇರೆ ಎರಡು ಡಿಜಿಟಲ್ ಪಿನ್‌ಗೆ. 34 ಯಾಕೆ ಅಂದರೆ, ಈ ಬೋರ್ಡಿನ ಕೆಲವು ಅನಲಾಗ್ ಪಿನ್‌ಗಳು ವೈಫೈ ಹಾಕಿದ ಕೂಡಲೇ ಕೈಕೊಡುತ್ತವೆ. 34 ಆ ಗುಂಪಿನದ್ದಲ್ಲ.

ಕೇಬಲ್ ಬಣ್ಣವನ್ನು ನಂಬಬೇಡಿ. ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬಲಗೈ (RA), ಎಡಗೈ (LA), ಬಲಗಾಲು (RL) ಅಂತ ಮಾಡ್ಯೂಲಿನ ಮೇಲೆ ಬರೆದಿರುವ ಮೂರು ಪಿನ್‌ಗೆ ಯಾವ ತಂತಿ ಹೋಗುತ್ತದೆ ಅಂತ ಮೀಟರಿನಲ್ಲೇ ನೋಡಿ. ಬಲಗೈ ತಂತಿ ಬಲ ಎಲೆಕ್ಟ್ರೋಡ್‌ಗೆ, ಎಡಗೈಯದು ಎಡಕ್ಕೆ, ಬಲಗಾಲಿನದು ಪಕ್ಕೆಯದಕ್ಕೆ. ಎಡ ಬಲ ಅದಲುಬದಲಾದರೆ ಗೋಪುರ ತಲೆಕೆಳಗಾಗಿ ಬರುತ್ತದೆ, ಅಷ್ಟೇ.

ಇನ್ನು ಇದೊಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಪಟ್ಟಿ ಮೈ ಮೇಲಿದ್ದಾಗ ಬೋರ್ಡು ಬ್ಯಾಟರಿಯಲ್ಲೇ ಓಡಬೇಕು. ಗೋಡೆಯ ಪ್ಲಗ್ಗಿಗೆ ಸೇರಿದ ಚಾರ್ಜರ್ ಆಗಲಿ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಆಗಲಿ ಕೂಡದು. ಆಸ್ಪತ್ರೆಯ ಯಂತ್ರದಲ್ಲಿ ರೋಗಿಗೂ ಮನೆ ಕರೆಂಟಿಗೂ ನಡುವೆ ಪ್ರತ್ಯೇಕ ಗೋಡೆ ಇರುತ್ತದೆ. ಈ ಮಾಡ್ಯೂಲಿನಲ್ಲಿ ಅದಿಲ್ಲ. ಅಗ್ಗದ ಚಾರ್ಜರ್ ಕೈಕೊಟ್ಟರೆ 230 ವೋಲ್ಟಿಗೂ ಎದೆಗೂ ನಡುವೆ ಏನೂ ಉಳಿಯುವುದಿಲ್ಲ. ಗೆರೆಯನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳಿಸಿ. ಆ ಫೋನೂ ಚಾರ್ಜಿನಲ್ಲಿರದಿದ್ದರೆ ಒಳ್ಳೆಯದು.

ಐದನೇ ಹೆಜ್ಜೆ: ಪ್ರೋಗ್ರಾಮ್

ಸೆಕೆಂಡಿಗೆ 250 ಸಲ ಓದಿ, ಅಂದರೆ 4 ಮಿಲಿಸೆಕೆಂಡಿಗೊಮ್ಮೆ. ಇದನ್ನು ಟೈಮರ್ ಇಟ್ಟೇ ಮಾಡಿ. "4 ಮಿಲಿಸೆಕೆಂಡ್ ಕಾಯಿ" ಅಂತ ಬರೆದರೆ, ಓದಿ ಕಳಿಸುವ ಸಮಯ ಅದಕ್ಕೆ ಸೇರಿಕೊಂಡು ಲೆಕ್ಕ ತಪ್ಪುತ್ತದೆ.

250 ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ಮನೆ ಕರೆಂಟು 50 ಹರ್ಟ್ಸ್. ಗೋಡೆಯ ವೈರಿಂಗಿನಿಂದ ಅದು ಮೈಗೆ ಹಾರಿ, ಗೆರೆಯನ್ನು ದಪ್ಪ ಉಣ್ಣೆ ದಾರದ ಹಾಗೆ ಮಾಡುತ್ತದೆ. ಮಾಡ್ಯೂಲ್ 40 ಹರ್ಟ್ಸ್‌ವರೆಗೆ ಬಿಡುವಂಥದ್ದು. 50 ಅದರ ಪಕ್ಕದಲ್ಲೇ ಇರುವುದರಿಂದ ಪೂರ್ತಿ ಸೋಸಿ ಹೋಗುವುದಿಲ್ಲ. ಆದರೆ 250ನ್ನು 50ರಿಂದ ಭಾಗಿಸಿ: 5. ಪ್ರತಿ ಓದಿನಲ್ಲೂ ಹಿಂದಿನ 5 ಓದುಗಳ ಸರಾಸರಿ ತೆಗೆದರೆ ಕರೆಂಟಿನ ಒಂದು ಪೂರ್ತಿ ಸುತ್ತು ಅದರೊಳಗೆ ಬರುತ್ತದೆ. ಅರ್ಧ ಮೇಲೆ, ಅರ್ಧ ಕೆಳಗೆ, ಕೂಡಿದರೆ ಸೊನ್ನೆ. ಒಂದೇ ಸಾಲಿನ ಲೆಕ್ಕದಲ್ಲಿ ಗದ್ದಲ ಹೋಯಿತು. ಅಮೆರಿಕದಲ್ಲಿ ಕೂತು ಇದನ್ನು ಮಾಡುವವರು 240 ಸಲ ಓದಿ, 4ರ ಸರಾಸರಿ ತೆಗೆಯಿರಿ. ಅಲ್ಲಿ ಕರೆಂಟು 60 ಹರ್ಟ್ಸ್.

ಬಡಿತ ಎಣಿಸಲು 1985ರಲ್ಲಿ ಪಾನ್ ಮತ್ತು ಟಾಂಪ್‌ಕಿನ್ಸ್ ಅನ್ನುವ ಇಬ್ಬರು ಎಂಜಿನಿಯರ್‌ಗಳು ಬರೆದ ವಿಧಾನ ಇವತ್ತಿಗೂ ಚೆನ್ನಾಗಿದೆ. ಪ್ರತಿ ಓದಿನಿಂದ ಹಿಂದಿನ ಓದನ್ನು ಕಳೆಯಿರಿ. ಬಂದದ್ದನ್ನು ಅದರಿಂದಲೇ ಗುಣಿಸಿ. 150 ಮಿಲಿಸೆಕೆಂಡಿನಷ್ಟು ಓದುಗಳನ್ನು, ಅಂದರೆ 37ನ್ನು ಒಟ್ಟು ಹಾಕುತ್ತಾ ಹೋಗಿ. ಚೂಪಾದ ಗೋಪುರ ಬಂದಾಗ ಈ ಮೊತ್ತ ಜಿಗಿಯುತ್ತದೆ. ಒಂದು ಮಿತಿ ದಾಟಿದರೆ ಒಂದು ಬಡಿತ. ಅದಾದ ಮೇಲೆ 200 ಮಿಲಿಸೆಕೆಂಡ್ ಏನೇ ಬಂದರೂ ಎಣಿಸಬೇಡಿ. ಹೃದಯ ಅಷ್ಟು ಬೇಗ ಇನ್ನೊಮ್ಮೆ ಬಡಿಯಲಾರದು.

ಎರಡು ಗೋಪುರಗಳ ನಡುವೆ 200 ಓದುಗಳಿದ್ದರೆ 0.8 ಸೆಕೆಂಡ್. 60ನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ 75.

ಆರನೇ ಹೆಜ್ಜೆ: ಹಾಕಿಕೊಂಡು ನೋಡುವುದು

ಈಗ ಐಂಥೋವನ್‌ರ ಉಪ್ಪು ನೀರು. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ, ಬೆರಳಲ್ಲಿ ಅದ್ದಿ ಮೂರೂ ಎಲೆಕ್ಟ್ರೋಡಿಗೆ ಸವರಿ. ತೊಟ್ಟಿಕ್ಕುವಷ್ಟು ಬೇಡ. ಪಟ್ಟಿ ಕಟ್ಟಿ ಐದು ನಿಮಿಷ ಸುಮ್ನೆ ಕೂತಿರಿ. ಬೇಸಿಗೆಯಲ್ಲಿ ಮಂಗಳೂರಿನವರಿಗೆ ನೀರೇ ಬೇಡ, ಬೆವರು ಸಾಕು. ಚಳಿಗಾಲದ ಕಲಬುರಗಿಯ ಒಣ ಗಾಳಿಯಲ್ಲಿ ನೀರಿಲ್ಲದೆ ಆಗುವುದಿಲ್ಲ.

ಗೆರೆ ದಪ್ಪಗಿದ್ದರೆ ಫ್ಯಾನು, ಮಿಕ್ಸಿ, ಗೋಡೆಯಿಂದ ದೂರ ಹೋಗಿ. ಕೇಬಲ್‌ಗಳನ್ನು ಜಡೆಯ ಹಾಗೆ ಹೆಣೆಯಿರಿ. ಉಸಿರಿನ ಜೊತೆ ತೇಲಿದರೆ ಪಟ್ಟಿ ಸಡಿಲ. ಹುಲ್ಲಿನ ಹಾಗೆ ಸಣ್ಣ ಮುಳ್ಳು ಮುಳ್ಳಾಗಿದ್ದರೆ ಅದು ನಿಮ್ಮದೇ ಸ್ನಾಯು. ಭುಜ ಸಡಿಲ ಬಿಡಿ. ನಡೆದಾಗ ಇದ್ದಕ್ಕಿದ್ದಂತೆ ದೊಡ್ಡ ಜಿಗಿತಗಳು ಬಂದರೆ ಮೇಲೆ ಹಾಕಿದ ಪಾಲಿಯೆಸ್ಟರ್ ಅಂಗಿ ನೋಡಿ. ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ ಅದು. ಹತ್ತಿ ಬನಿಯನ್ ಹಾಕಿದರೆ ಹೋಗುತ್ತದೆ.

ಅಪ್ಪನಿಗೆ ಮೊದಲ ಸಲ ಕಟ್ಟಿದಾಗ ಫೋನು 142 ಅಂತ ತೋರಿಸಿತು. ಅವರು ಆರಾಮವಾಗಿ ಕೂತು ಪೇಪರ್ ಓದುತ್ತಿದ್ದರು. ನನ್ನ ಕೈ ತಣ್ಣಗಾಯಿತು. ಮಣಿಕಟ್ಟು ಹಿಡಿದು ಎಣಿಸಿದೆ, 71. ಸರಿಯಾಗಿ ಅರ್ಧ. ಅಪ್ಪನ ಟಿ ಅಲೆ ನನ್ನದಕ್ಕಿಂತ ಎತ್ತರ. ಪ್ರೋಗ್ರಾಮ್ ಅದನ್ನೂ ಒಂದು ಬಡಿತ ಅಂತ ಎಣಿಸಿತ್ತು. ಅಂತರಗಳನ್ನು ನೋಡಿದರೆ ಒಂದು ಚಿಕ್ಕದು, ಒಂದು ದೊಡ್ಡದು, ಮತ್ತೆ ಚಿಕ್ಕದು. ಇದಕ್ಕೂ ಪಾನ್ ಮತ್ತು ಟಾಂಪ್‌ಕಿನ್ಸ್ ಉಪಾಯ ಹೇಳಿದ್ದಾರೆ. ಹಿಂದಿನ ಗೋಪುರದಿಂದ 360 ಮಿಲಿಸೆಕೆಂಡ್ ಒಳಗೆ ಇನ್ನೊಂದು ಬಂದರೆ ಅದರ ಏರು ನೋಡಿ. ಗೋಪುರದ ಏರಿನ ಅರ್ಧಕ್ಕಿಂತ ಕಮ್ಮಿ ಇದ್ದರೆ ಅದು ಟಿ ಅಲೆ, ಬಿಟ್ಟುಬಿಡಿ. "ಮೊದಲು ನಾಡಿ ನೋಡೋದು ಕಲಿಯೋ, ಆಮೇಲೆ ಮಿಷಿನ್ ಮಾಡು" ಅಂತ ಅಪ್ಪ ಪೇಪರಿನಿಂದ ತಲೆಯೆತ್ತದೆ ಹೇಳಿದರು.

ಹಾಗಾಗಿ ಪಟ್ಟಿಯನ್ನು ಒಪ್ಪಿಕೊಳ್ಳುವ ಮುಂಚೆ ಮೂರು ಸಲ ಕೈಯಲ್ಲಿ ನಾಡಿ ಎಣಿಸಿ: ಕೂತಾಗ, ಮೆಟ್ಟಿಲು ಹತ್ತಿ ಬಂದ ಕೂಡಲೇ, ಬೆಳಿಗ್ಗೆ ಎದ್ದ ತಕ್ಷಣ. ಒಂದೆರಡು ಹೆಚ್ಚು ಕಮ್ಮಿ ಪರವಾಗಿಲ್ಲ.

ವೈದ್ಯರಿಗೆ ಏನು ತೋರಿಸಬೇಕು

ದೊಡ್ಡವರಲ್ಲಿ ಆರಾಮವಾಗಿದ್ದಾಗ 60ರಿಂದ 100 ಸಾಮಾನ್ಯ. ದಿನಾ ವ್ಯಾಯಾಮ ಮಾಡುವವರಲ್ಲಿ 60ಕ್ಕಿಂತ ಕೆಳಗೂ ಇರುತ್ತದೆ. ಉಸಿರೆಳೆದಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ನಿಧಾನ ಆಗುವುದು ಸಹಜ. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಮುಂಚೆ ಬಂದು ಆಮೇಲೆ ಸಣ್ಣ ತಡೆ ಆಗುವುದೂ ಬಹಳ ಜನರಿಗೆ ಇರುತ್ತದೆ. ಅಂತರಗಳು ಯಾವ ಕ್ರಮವೂ ಇಲ್ಲದೆ ನಿಮಿಷಗಟ್ಟಲೆ ಏರುಪೇರಾಗಿ, ಪಿ ಅಲೆಯೇ ಕಾಣದಿದ್ದರೆ ತಡ ಮಾಡದೆ ವೈದ್ಯರ ಬಳಿ ಹೋಗಿ. ಇಡೀ ದಿನದ ಕಡತ ಒಯ್ಯಬೇಡಿ. ಹಾಗೆ ಏರುಪೇರಾದಾಗಿನ 30 ಸೆಕೆಂಡಿನ ಗೆರೆ, ದಿನ, ಸಮಯ, ಆಗ ಏನು ಮಾಡುತ್ತಿದ್ದಿರಿ, ಹೇಗನ್ನಿಸಿತು, ಇಷ್ಟು ಬರೆದುಕೊಂಡು ಹೋಗಿ. ಅವರು ತಮ್ಮದೇ ಇಸಿಜಿ ಅಥವಾ ಹೋಲ್ಟರ್ (ದಿನವಿಡೀ ಮೈಮೇಲಿಟ್ಟು ಇಸಿಜಿ ದಾಖಲಿಸುವ ಯಂತ್ರ) ಮಾಡಿಸುತ್ತಾರೆ, ಮಾಡಿಸಲೇಬೇಕು.

ಇಷ್ಟೆಲ್ಲ ಗೋಳು ಬೇಡ ಅನ್ನುವವರಿಗೆ ತಯಾರಾದದ್ದೂ ಇದೆ. ಫಿನ್‌ಲೆಂಡಿನ ಪೋಲಾರ್ ಕಂಪನಿಯ ಎದೆಪಟ್ಟಿ ಇಸಿಜಿ ಗೆರೆಯನ್ನೇ ಫೋನಿಗೆ ಕೊಡುತ್ತದೆ. ಕೆನಡಾದ ಹೆಕ್ಸೋಸ್ಕಿನ್ ಪೂರ್ತಿ ಅಂಗಿಯನ್ನೇ ಮಾಡಿದೆ. ಅದೇ ಬಳಗದ ಇನ್ನೊಂದು ಅಂಗಿಯನ್ನು 2019ರಲ್ಲಿ ಗಗನಯಾತ್ರಿ ಡೇವಿಡ್ ಸೇಂಟ್-ಜಾಕ್ ಬಾಹ್ಯಾಕಾಶ ನಿಲ್ದಾಣದಲ್ಲಿ ಹಾಕಿಕೊಂಡು ನೋಡಿದರು.

ಒಗೆಯುವುದು

ಪ್ರತಿ ಸಲ ಬಳಸಿದ ಮೇಲೆ ಬೋರ್ಡು ಬಿಚ್ಚಿಟ್ಟು, ಪಟ್ಟಿಯನ್ನು ಬರೀ ನೀರಲ್ಲಿ ಜಾಲಿಸಿ. ಬೆವರಿನ ಉಪ್ಪು ಉಳಿದರೆ ಬೆಳ್ಳಿ ಕಪ್ಪಾಗುತ್ತದೆ. ವಾರಕ್ಕೊಮ್ಮೆ ಮೆದು ಸೋಪು ಹಾಕಿ ಕೈಯಲ್ಲೇ ಒಗೆಯಿರಿ. ಬ್ಲೀಚ್ ಬೇಡ. ಘಮ ಬರಲೆಂದು ಹಾಕುವ ಕಂಫರ್ಟ್ ಥರದ್ದೂ ಬೇಡ, ಅದು ಎಳೆಯ ಮೇಲೆ ತೆಳು ಪದರ ಬಿಟ್ಟು ಕರೆಂಟು ತಡೆಯುತ್ತದೆ. ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ, ಇಸ್ತ್ರಿ ಮುಟ್ಟಿಸಬೇಡಿ. ನೆರಳಲ್ಲಿ ಹರವಿ. ತಿಂಗಳಿಗೊಮ್ಮೆ ಮೂರನೇ ಹೆಜ್ಜೆಯ ಮೀಟರ್ ಪರೀಕ್ಷೆ ಮಾಡಿ, ಅಂಕಿಯನ್ನು ಪಟ್ಟಿಯ ಒಳಗಡೆ ಪೆನ್ನಿನಲ್ಲಿ ಬರೆದಿಡಿ. ಕೆಲವು ಓಮ್ ಇದ್ದದ್ದು ನೂರರ ಲೆಕ್ಕಕ್ಕೆ ಏರಿದಾಗ ಬೆಳ್ಳಿ ಬಟ್ಟೆಯನ್ನಷ್ಟೇ ಬಿಚ್ಚಿ ಹೊಸದು ಹಾಕಿ. ಎಲಾಸ್ಟಿಕ್, ಸ್ಪಾಂಜ್, ಬಟನ್ ಎಲ್ಲ ಇನ್ನೊಂದು ಸುತ್ತು ಬರುತ್ತವೆ.